ಗಾದಿ ಮನೆಯವರ ಪರಿಚಯ

ಶುಕ್ರವಾರದ ಅರ್ಧ ದಿನದ ರಜೆಗೆ ಮನೆಗೆ ಬಂದಿದ್ದ ಮುಸ್ತಾಕ್ ಮಧ್ಯಾಹ್ನ ಊಟಕ್ಕೆ ಕೂಡಲಿಲ್ಲ. ಮುಮ್ತಾಜಬಿ ಮಗನ ತಟ್ಟೆಗೆ ರೊಟ್ಟಿ ಹಾಕಿ, ಮಗ್ಗುಲಿಗೆ ಬದನೆಕಾಯಿ ಎಣ್ಣೆಗಾಯಿ ಬಡಿಸಿ, ಶೇಂಗಾ ಚಟ್ನಿಯ ಮೇಲೆ ಎಣ್ಣೆ ಬಿಟ್ಟಾಗಿತ್ತು. ಅವನು ಕೈಯಲ್ಲಿ ಮೊಬೈಲ್ ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತೇ ಇದ್ದ.

"ಕುಂದ್ರೋ, ಪಲ್ಯ ಆರತೈತಿ," ಎಂದಳು.

"ಮೊದಲ ಇಕಿನ್ನ ಕೇಳವ್ವಾ, ಏನ್ ಬರದಾಳ ಅಂತ."

ಇಕಿ ಎಂದರೆ ಅವನ ತಂಗಿ ದಿಲನಾಜ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ, ಬಂದಿಳಿಯುವ ಮೆಣಸಿನಕಾಯಿ ಚೀಲಗಳ ಲೆಕ್ಕ ಬರೆದುಕೊಳ್ಳುವುದು ಅವಳ ಕೆಲಸ. ಊಟದ ಬಿಡುವಿಗೆ ಮನೆಗೆ ಬಂದಿದ್ದಳು. ಓಢಣಿಯ ತುಂಬ ಮೆಣಸಿನಕಾಯಿಯ ಘಾಟು. ಬಾಯಲ್ಲಿದ್ದ ತುತ್ತನ್ನು ನುಂಗಿ, "ಏನ್ ಬರದೇನಿ ಅಣ್ಣಾ?" ಎಂದಳು.

"ನಿನ್ನ ಬ್ಲಾಗಿನಾಗ. ‘ನನ್ನ ಬಗ್ಗೆ’ ಅಂತ ಐತೆಲ್ಲ, ಅದು. ಹಾವೇರಿಯವರು ಓದ್ಯಾರ. ಅಬ್ದುಲರಜಾಕ ಸಾಹೇಬ್ರು ನನಗ ಕಳಿಸ್ಯಾರ. ಒಂದ ಮಾತೂ ಇಲ್ಲ, ಬರೇ ಲಿಂಕು. ಚಪ್ಪಲಿ ಸುತ್ತಿ ಕಳಿಸಿದಂಗ."

ಹಾವೇರಿಯ ಅಬ್ದುಲರಜಾಕ ಬಟ್ಟೆ ಅಂಗಡಿಯವರು. ಅವರ ಮಗಳು ಆಫ್ರೀನಳನ್ನು ಮುಸ್ತಾಕನಿಗೆ ಕೇಳಲಾಗಿತ್ತು. ಮುಸ್ತಾಕನಿಗೆ ಮೂವತ್ತು ದಾಟಿದೆ, ಹಿಂದೆ ನೋಡಿದ ಸಂಬಂಧಗಳು ಒಂದಿಲ್ಲೊಂದು ಕಾರಣಕ್ಕೆ ತಪ್ಪಿದ್ದವು. ಇದು ಹಾಗಲ್ಲ. ಹುಡುಗಿಯನ್ನು ನೋಡಲು ಹೋದಾಗ ಅವಳೇ ತಲೆಯೆತ್ತಿ, ಅವನು ರಾಣೆಬೆನ್ನೂರಿನ ಅಂಗಡಿಯಲ್ಲಿ ಮಾರುವ ಫೋಮ್ ಗಾದಿ ಬೆನ್ನಿಗೆ ನಿಜವಾಗಿಯೂ ಒಳ್ಳೆಯದೋ ಎಂದು ಕೇಳಿದ್ದಳು. ಆ ಪ್ರಶ್ನೆಯನ್ನು ಅವನು ರಾಣೆಬೆನ್ನೂರಿಗೆ ಹೋಗುವ ಬಸ್ಸಿನಲ್ಲಿ ನೆನೆಸಿಕೊಂಡು ನಗುತ್ತಾನೆಂದು ಮನೆಯವರಿಗೆಲ್ಲ ಗೊತ್ತಿತ್ತು.

ಆದರೆ ಅಂದು ಅಬ್ದುಲರಜಾಕರು ಕೇಳಿದ ಒಂದು ಮಾತಿಗೆ ಮುಸ್ತಾಕ್ ಸುಳ್ಳು ಹೇಳಿಬಂದಿದ್ದ. ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎಂದು ಅವರು ಕೇಳಿದ್ದರು. ಉರ್ದು ಎಂದಿದ್ದ.

ಇವರು ನದಾಫರು, ಹತ್ತಿ ಪಿಂಜುವವರು. ಅಪ್ಪ ಯೂಸುಫಸಾಬನ ಗಾದಿ ಅಂಗಡಿ ಮುಂದೆ, ಮನೆ ಹಿಂದೆ. ಮೊಸರಿನಲ್ಲೂ ಹತ್ತಿಯ ಎಳೆ ಸಿಗುವ ಮನೆ ಅದು. ಅಜ್ಜನ ಕಾಲದಿಂದಲೂ ಮನೆಮಾತು ಕನ್ನಡ. ರಾಣೆಬೆನ್ನೂರಿನ ಅಂಗಡಿಯಲ್ಲಿ, ಮಸೀದಿಯಲ್ಲಿ ಕೇಳಿ ಕೇಳಿ ಮುಸ್ತಾಕ್ ಒಬ್ಬನೇ ಉರ್ದು ಕಲಿತಿದ್ದ.

"ಓದು. ಏನೈತಿ ಕೇಳೂಣು," ಎಂದ ಯೂಸುಫಸಾಬ.

ದಿಲನಾಜ ಕೈ ತೊಳೆದು ಬಂದು ಓದಿದಳು. ಅವಳದು ಹಿಂಜರಿಕೆಯ ಸ್ವಭಾವ. ಒಂದು ಪುಟ ಬರೆದರೆ ಹತ್ತು ಸಲ ತಿದ್ದುವವಳು. ಆದರೆ ಓದತೊಡಗಿದರೆ ದನಿ ಗಟ್ಟಿ.

"ನನ್ನ ಹೆಸರು ದಿಲನಾಜ. ಊರು ಬ್ಯಾಡಗಿ. ಹಗಲು ಮೆಣಸಿನಕಾಯಿಯ ಲೆಕ್ಕ ಬರೆಯುತ್ತೇನೆ. ಬಿ.ಎ. ಮಾಡಿದ್ದು ಸಂಜೆ ಕಾಲೇಜಿನಲ್ಲಿ. ನಾವು ನದಾಫರು. ನಮ್ಮ ಮನೆಯಲ್ಲಿ ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ. ಉರ್ದು ನಮಗೆ ಬರುವುದಿಲ್ಲ. ಅಣ್ಣನಿಗೆ ಈಚೆಗೆ ಸ್ವಲ್ಪ ಬರುತ್ತದೆ. ಅಜ್ಜಿ ಸಕೀನಾಬಿಗೆ ಎಂಬತ್ತು ದಾಟಿದೆ. ಮನೆಯ ಗಾದೆಮಾತುಗಳೆಲ್ಲ ಅವಳ ಬಾಯಲ್ಲಿವೆ, ಹಲ್ಲು ಬಿದ್ದ ಜಾಗದಲ್ಲಿ ಕೂತಿವೆ."

"ಎಂಬತ್ತಂತ ಯಾವಾಕಿ ಹೇಳಿದ್ಲು ನಿನಗ?" ಎಂದು ಮೂಲೆಯಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸುತ್ತಿದ್ದ ಸಕೀನಾಬಿ ಕೇಳಿದಳು.

"ಸುಮ್ಮನಿರಬೇ ಯವ್ವಾ. ಮುಂದ ಓದು," ಎಂದ ಯೂಸುಫಸಾಬ.

"ಮದುವೆಯ ಗಾದಿಗೆ ಮೊದಲ ಹಿಡಿ ಹತ್ತಿ ಹಾಕುವುದು ನಮ್ಮವ್ವ. ಆಗ ಬಿಸ್ಮಿಲ್ಲಾ ಅನ್ನುತ್ತಾಳೆ, ಆಮೇಲೆ ದೇವರ ಜೊತೆ ಕನ್ನಡದಲ್ಲಿ ಮಾತಾಡುತ್ತಾಳೆ. ಅದನ್ನು ಕೇಳಿ ಕೇಳಿ, ದೇವರಿಗೆ ಕನ್ನಡ ಬರುತ್ತದೆ ಎಂದು ನಂಬಿದ್ದೇನೆ. ಐದು ಹೊತ್ತಿನ ನಮಾಜಿನಲ್ಲಿ ನನಗೆ ದಕ್ಕುವುದು ಮೂರು. ಉಳಿದ ಹೊತ್ತಿಗೆ ಲಾರಿ ಬಂದಿರುತ್ತದೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ನನ್ನ ಓಟು ಯಾರಿಗೆಂದು ಅಪ್ಪನಿಗೆ ಹೇಳಿಲ್ಲ. ಅಪ್ಪ ಹಾಕುವವರಿಗಂತೂ ಅಲ್ಲ. ಬಾಗಿಲಿಗೆ ಬಂದು ನೀರಿನ ಮಾತು, ಗಟಾರದ ಮಾತು ಆಡಿ, ನೀವು ಮೂಲ ಎಲ್ಲಿಯವರು ಎಂದು ಕೇಳದೆ ಹೋದವರಿಗೆ ಹಾಕಿದ್ದೇನೆ."

ಯೂಸುಫಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಯಾಕೆ ಬರೆಯುತ್ತೇನೆ ಎಂದರೆ, ಸಂಜೆ ಕಾಲೇಜಿನಲ್ಲಿ ಪ್ರಬಂಧ ಓದಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಿದ್ದರು: ನೀವು ಇಷ್ಟು ಚಂದದ ಕನ್ನಡ ಎಲ್ಲಿ ಕಲಿತಿರಿ? ಮನೆಯಲ್ಲಿ ಎಂದರೆ ನಗುತ್ತಿದ್ದರು. ಆ ಮನೆ ಇದು ಎಂದು ತೋರಿಸಲು ಬರೆಯುತ್ತೇನೆ."

ಓದಿ ಮುಗಿಸಿದ್ದೇ ಎಲ್ಲರೂ ಒಟ್ಟಿಗೇ ಮಾತಾಡಿದರು.

"ನಾ ದೇವರ ಕೂಡ ಮಾತಾಡೋದನ್ನ ಊರಿಗೆಲ್ಲ ಹೇಳೀದೇನ?" ಎಂದಳು ಮುಮ್ತಾಜಬಿ.

"ಓಟಿನ ಮಾತು ಯಾಕ ಬೇಕಾಗಿತ್ತು?" ಎಂದ ಯೂಸುಫಸಾಬ. "ಸಭಾ ಇದ್ರ ಎಲ್ಲಾ ಪಕ್ಷದಾವ್ರೂ ನಮ್ಮಲ್ಲೇ ಗಾದಿ, ಒರಗೋ ಲೋಡು ಬಾಡಿಗಿ ಒಯ್ತಾರ. ಅಂಗಡಿಯಾಂವಗ ಪಕ್ಷ ಇರಬಾರ್ದವಾ. ಅಷ್ಟಕ್ಕೂ ನಾ ಯಾರಿಗೆ ಹಾಕ್ತೇನಂತ ನಿನಗ ಹೆಂಗ ಗೊತ್ತು?"

"ಊರಿಗೇ ಗೊತ್ತೈತಿ, ಅಪ್ಪಾ."

"ಹಲ್ಲಿನ ಮಾತು ತಗಿ," ಎಂದಳು ಸಕೀನಾಬಿ. "ದವಡಿಹಲ್ಲು ಇನ್ನಾ ಎರಡು ಅದಾವ."

"ಎಲ್ಲಾ ತಗಿ," ಎಂದ ಮುಸ್ತಾಕ್. "ಅವರು ಇನ್ನೆರಡು ವಾರಕ್ಕ, ಐತವಾರ, ಮನಿ ನೋಡಾಕ ಬರ್ತಾರ. ಅಷ್ಟ್ರಾಗ ತಗಿ."

ಅವನು ಉಣ್ಣದೆ ಹೊರಟುಹೋದ. ಅವನ ತಟ್ಟೆಯನ್ನು ಮುಮ್ತಾಜಬಿ ಇನ್ನೊಂದು ತಟ್ಟೆ ಮುಚ್ಚಿ ಇಟ್ಟಳು. ಸಂಜೆಯವರೆಗೂ ಅದು ಒಲೆಯ ಕಟ್ಟೆಯ ಮೇಲೆ ಹಾಗೇ ಇತ್ತು.

ಭಾನುವಾರ ಅಣ್ಣ ತಂಗಿ ಮನೆಯ ಹಿಂದೆ ಬಾಡಿಗೆಯಿಂದ ಮರಳಿದ ಲೋಡುಗಳ ಗವಸು ಒಗೆಯುತ್ತಿದ್ದರು. ಅವಳು ಸಾಬೂನು ಹಚ್ಚಿ ಕೊಡುವುದು, ಅವನು ಹಿಂಡಿ ಹಗ್ಗಕ್ಕೆ ಹಾಕುವುದು.

"ನಾ ಸುಳ್ಳೇನೂ ಬರದಿಲ್ಲಲ್ಲ ಅಣ್ಣಾ," ಎಂದಳು ದಿಲನಾಜ.

"ನೀ ಖರೇನ ಬರದಿ. ಅದ ತ್ರಾಸು." ಅವನು ಒಂದು ಗವಸನ್ನು ಬೇಕಾದದ್ದಕ್ಕಿಂತ ಹೆಚ್ಚು ಹಿಂಡಿದ. "ನಿನಗ ಕಾಲೇಜಿನಾಗ ಕೇಳಿದ್ರು, ಕನ್ನಡ ಎಲ್ಲಿ ಕಲತೀರಿ ಅಂತ. ನನಗ ರಾಣೆಬೆನ್ನೂರಿನ ಮಸೀದಿಯಾಗ ನಮ್ಮವರ ಕೇಳ್ತಾರ, ಉರ್ದು ಬರಂಗಿಲ್ಲಂದ್ರ ನೀ ಎಂಥಾ ಮುಸಲ್ಮಾನೋ ಅಂತ. ನೀ ಅದನ್ನ ಬರದಿ, ಮಂದಿ ಛಲೋ ಬರದಾಳ ಅಂದ್ರು. ನಾ ಯಾರಿಗೆ ಹೇಳ್ಲಿ? ತಲಿ ತಗ್ಗಿಸಿ ಬಸ್ ಹತ್ತಿ ಬರ್ತೇನಿ."

ದಿಲನಾಜಳಿಗೆ ಇದು ಗೊತ್ತಿರಲಿಲ್ಲ. ಕೈಯಲ್ಲಿದ್ದ ಸಾಬೂನು ಬಕೆಟ್ಟಿನೊಳಗೆ ಜಾರಿತು. ಅದನ್ನು ಹುಡುಕುತ್ತ, "ತಗೀತೇನಿ ಬಿಡು," ಎಂದಳು.

ಅವಳು ಒಮ್ಮೆಲೇ ತೆಗೆಯಲಿಲ್ಲ. ಒಂದು ಪುಟವನ್ನು ಪೂರ್ತಿ ಅಳಿಸಿದರೆ ಓದುವವರಿಗೆ ಮೋಸವಾಗುತ್ತದೆ ಎಂದು ಅವಳ ಲೆಕ್ಕ. ಓದುವವರು ಬಹಳ ಜನ ಏನಲ್ಲ, ಆದರೂ ಅವಳಿಗೆ ಹಾಗೆ ಅನಿಸುತ್ತಿತ್ತು. ದಿನಾ ಒಂದು ಸಾಲಿನಂತೆ ತೆಗೆದಳು. ಮೊದಲು ಉರ್ದುವಿನ ಮಾತು ಹೋಯಿತು. ಅವ್ವ ರೊಟ್ಟಿ ಬಡಿಯುವಾಗ ಮತ್ತೆ ನೆನಪಿಸಿದಳು, ದೇವರ ಮಾತು, ಅದರ ಜೊತೆ ನಮಾಜಿನ ಮಾತೂ ಹೋಯಿತು. ಒಂದು ಪಕ್ಷದ ಹುಡುಗರು ಲೋಡು ಒಯ್ಯಲು ಬಂದ ದಿನ ಅಪ್ಪ ಅಂಗಡಿಯಿಂದಲೇ ಅವಳತ್ತ ಕಣ್ಣು ಮಾಡಿದ, ಓಟಿನ ಮಾತು ಹೋಯಿತು. ಅಜ್ಜಿಯ ಸಾಲೂ ಹೋಗಿ, ಅವಳ ಹಲ್ಲಿಗೆ ಮರ್ಯಾದೆ ಬಂತು. ಆ ಮನೆ ಇದು ಎಂದು ತೋರಿಸುವ ಸಾಲು ಕೊನೆಗೆ ಉಳಿದಿತ್ತು. ತೋರಿಸಲು ಏನೂ ಉಳಿಯದ್ದರಿಂದ ಅದನ್ನೂ ತೆಗೆದಳು.

ಪಕ್ಕದ ಮನೆಯ ಮಂಗಳವ್ವ ಅವಳ ಕಾಯಂ ಓದುಗಾರ್ತಿ. ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುವವಳು, ಬಿಡುವಿನಲ್ಲಿ ಜೊತೆಯ ಹೆಂಗಸರಿಗೆ ಬ್ಲಾಗು ಓದಿ ಹೇಳುತ್ತಿದ್ದಳು. ಅಂದು ಸಂಜೆ ಗೋಡೆಯ ಆಚೆಯಿಂದ ಕೂಗಿದಳು.

"ಏ ದಿಲನಾಜಾ, ಏನಾತ ಇದಕ್ಕ? ಹೆಸರು, ಊರು, ಕೆಲಸ. ಆಧಾರ್ ಕಾರ್ಡ್ ಓದಿದಂಗ ಆತು. ನಮ್ಮ ಗುಂಪಿನಾಗ ಮರಿಯವ್ವ ಕೇಳಿದ್ಲು, ಅಜ್ಜಿ ತೀರಿಕೊಂಡಳೇನು ಅಂತ."

"ಆ ಮರಿಯವ್ವನ ಬಾಯಾಗ ಮಣ್ಣು ಹಾಕ," ಎಂದಳು ಸಕೀನಾಬಿ ಒಳಗಿನಿಂದ.

ಯೂಸುಫಸಾಬ ಮಗಳ ಮೊಬೈಲ್ ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದ. ಗಾದಿಯ ದಪ್ಪ ಪರೀಕ್ಷಿಸುವವನಂತೆ ಪರದೆಯನ್ನು ಹೆಬ್ಬೆರಳಿನಿಂದ ಒತ್ತಿದ.

"ಹತ್ತಿ ಎಲ್ಲಾ ತಗದೀದಿ. ಗವಸ ಅಷ್ಟ ಉಳದೈತಿ," ಎಂದ.

"ನೀವ ತಗಿ ಅಂದ್ರೆಲ್ಲ ಅಪ್ಪಾ."

"ನಾ ಒಂದ ಹಿಡಿ ತಗಿ ಅಂದಿದ್ದೆ," ಎಂದು ಮೊಬೈಲ್ ವಾಪಸು ಕೊಟ್ಟ.

ಮುಂದಿನ ವಾರ ಮುಸ್ತಾಕನ ಉರ್ದು ಶಾಲೆ ನಡೆಯಿತು. ಸಂಜೆ ಬಸ್ಸಿಳಿದು ಬಂದವನೇ ಚಹಾ ಕುಡಿಯುತ್ತ ಪಾಠ ಸುರು ಮಾಡುತ್ತಿದ್ದ.

"ಅವ್ವಾ, ಅವರು ಬಂದ ಕೂಡಲೆ ಏನಂತಿ?"

"ಬರ್ರಿ, ಕುಂದ್ರಿ ಅಂತೇನಿ."

"ತಶ್ರೀಫ್ ರಖಿಯೇ ಅನಬೇಕು."

"ಅಷ್ಟು ಅನ್ನೂದ್ರಾಗ ಅವರು ಕುಂತ ಬಿಟ್ಟಿರ್ತಾರಲ್ಲೋ," ಎಂದಳು ಮುಮ್ತಾಜಬಿ.

"ಕುಂದ್ರಿ ಅಂದ್ರ ಅವರ ಕುಂಡಿಗೆ ತಿಳಿಯಂಗಿಲ್ಲೇನು?" ಎಂದಳು ಸಕೀನಾಬಿ.

"ಅಜ್ಜೀ, ನೀ ಅವತ್ತ ಏನೂ ಮಾತಾಡಬ್ಯಾಡ. ಸುಮ್ಮ ನಗು."

"ಹಲ್ಲಿಲ್ಲಂತ ಊರಿಗೆಲ್ಲ ಹೇಳಿ ಈಗ ನಗು ಅಂತೀರಿ?"

ದಿಲನಾಜ ನಕ್ಕಳು. ಮುಸ್ತಾಕನೂ ನಗುವಷ್ಟರಲ್ಲಿ ತಡೆದುಕೊಂಡ. "ನನ್ನ ಲಗ್ನದ ಮಾತೈತಿ ಇಲ್ಲಿ, ನಿಮ್ಮದಲ್ಲ," ಎಂದ ಮೆಲ್ಲಗೆ. ಆಮೇಲೆ ಯಾರೂ ಹುಡುಗಾಟ ಮಾಡಲಿಲ್ಲ. ಮುಮ್ತಾಜಬಿ ಅಕ್ಕಿ ಆರಿಸುವಾಗಲೂ ತಶ್ರೀಫ್, ತಶ್ರೀಫ್ ಎಂದು ಬಾಯಿಪಾಠ ಮಾಡಿದಳು. ಯೂಸುಫಸಾಬ ಗಿರಾಕಿಯೊಬ್ಬನಿಗೆ ಠೀಕ್ ಹೈ ಅಂದುಬಿಟ್ಟ, ಆ ಹಲಗೇರಿಯ ರೈತ ಅವನ ಮುಖ ನೋಡಿದ.

ಹೇಳಿದ ಭಾನುವಾರ ಹಾವೇರಿಯವರು ಬಂದರು. ಅಬ್ದುಲರಜಾಕರು, ಅವರ ಹೆಂಡತಿ, ನಡುವೆ ನಿಂತು ಮಾತಾಡಿಸಿದ್ದ ರಾಣೆಬೆನ್ನೂರಿನ ಚಾಂದಸಾಬ. ಚಾಂದಸಾಬನದು ಬ್ಯಾಂಡಿನ ಕಂಪನಿ. ತಾನು ಕೂಡಿಸಿದ ಲಗ್ನಕ್ಕೆ ತನ್ನದೇ ಬ್ಯಾಂಡು ಎಂಬುದು ಅವನ ಕರಾರು.

ಮನೆ ತೊಳೆದು, ಹೊಸ ಗಾದಿ ಹಾಸಿ, ಬಗಾರ ಅನ್ನ, ಖಂಡದ ಸಾರು, ಶಾವಿಗೆಯ ಖೀರು ಮಾಡಿದ್ದರು. ಮುಮ್ತಾಜಬಿಗೆ ತಶ್ರೀಫ್ ಎಂಬುದು ಸರಿಯಾಗಿಯೇ ಬಂತು. ಆಮೇಲೆ ಅವಳ ಬಳಿ ಉಳಿದದ್ದು ಖಾವೋ ಎಂಬ ಒಂದೇ ಮಾತು. ಅದನ್ನೇ ಹೇಳುತ್ತ ಬಡಿಸಿದಳು. ಸಕೀನಾಬಿ ಗೋಡೆಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿ ಕೂತಿದ್ದಳು. ಅಬ್ದುಲರಜಾಕರ ಹೆಂಡತಿ ಅವಳ ಆರೋಗ್ಯ ಕೇಳಿದರೆ ಮುಸ್ತಾಕನ ಮುಖ ನೋಡಿದಳು. ಮುಸ್ತಾಕನೇ ಉತ್ತರ ಕೊಟ್ಟ. ಎಲ್ಲರ ಉತ್ತರಗಳನ್ನೂ ಅವನೇ ಕೊಡುತ್ತಿದ್ದ.

ಗೋಡೆಯ ಮೇಲೆ ಹಳೆಯ ಪಿಂಜುವ ಬಿಲ್ಲು ತೂಗುಹಾಕಿತ್ತು. ಆಳೆತ್ತರದ ಬಿಲ್ಲು, ನರದ ಹುರಿ. ಅಬ್ದುಲರಜಾಕರು ಅದನ್ನು ತೋರಿಸಿ, ಯೇ ಕ್ಯಾ ಹೈ ಎಂದರು.

ಯೂಸುಫಸಾಬನ ಮುಖ ಅರಳಿತು. ಆ ಬಿಲ್ಲಿನ ಕತೆಯನ್ನು ಅವನು ಊಟ ಬಿಟ್ಟು ಹೇಳುವವನು. ತಂದೆ ಅದನ್ನು ಹೆಗಲಿಗೆ ಹಾಕಿಕೊಂಡು ಅಗಡಿಯಿಂದ ಗಳಗನಾಥದವರೆಗೆ ಊರೂರು ತಿರುಗಿದ್ದು, ಹುರಿಯ ಸಪ್ಪಳ ಕೇಳಿದರೆ ಓಣಿಯ ಹುಡುಗರು ಕುಣಿಯುತ್ತಿದ್ದದ್ದು. "ಇದು ನಮ್ಮಪ್ಪಂದ್ರಿ..." ಎಂದು ಎದ್ದೇ ಬಿಟ್ಟಿದ್ದ. ಮಗನ ಮುಖ ಕಂಡಿತು. ಮತ್ತೆ ಕೂತು, "ಪುರಾನಾ ಹೈ," ಹಳೆಯದು ಎಂದಷ್ಟೇ ಹೇಳಿದ.

ಅಬ್ದುಲರಜಾಕರು ಸ್ವಲ್ಪ ಹೊತ್ತು ಬಿಲ್ಲನ್ನೂ ಅವನನ್ನೂ ನೋಡಿದರು. ಆಮೇಲೆ ದಿಲನಾಜಳಿಗೆ, ಬರೆಯುವವಳು ನೀನೇ ಅಲ್ಲವೇ, ಆ ಪರಿಚಯದ ಪುಟದ ಮಾತುಗಳು ಈಗ ಕಾಣುತ್ತಿಲ್ಲವಲ್ಲ ಎಂದು ಉರ್ದುವಿನಲ್ಲೇ ಕೇಳಿದರು.

"ನಿಕಾಲ್ ದಿಯಾ," ತೆಗೆದುಬಿಟ್ಟೆ ಎಂದಳು ದಿಲನಾಜ.

ಅಚ್ಛಾ ಎಂದರು ಅವರು. ಖೀರು ಎರಡನೆಯ ಸಲ ಯಾರೂ ಹಾಕಿಸಿಕೊಳ್ಳಲಿಲ್ಲ. ಅವರು ಹೋದ ಮೇಲೆ ಸಕೀನಾಬಿ ಬಾಯಿಂದ ಸೆರಗು ತೆಗೆದು, "ಸಾಕಾತವ್ವ, ನೀರ ಕೊಡ್ರಿ," ಎಂದಳು.

ಚಾಂದಸಾಬ ಸುದ್ದಿ ತಂದದ್ದು ಬುಧವಾರ. ಗಾದಿ ಅಂಗಡಿಯ ಕಟ್ಟೆಯ ಮೇಲೆ ಕೂತು ಮೊದಲು ಚಹಾ ಕೇಳಿದ. ಚಹಾ ಮೊದಲು ಕೇಳಿದರೆ ಸುದ್ದಿ ಒಳ್ಳೆಯದಲ್ಲ ಎಂದು ಯೂಸುಫಸಾಬ ಊಹಿಸಿದ.

"ಅಬ್ದುಲರಜಾಕ ಸಾಹೇಬ್ರು ಒಂದ ಮಾತು ಹೇಳಿ ಕಳಿಸ್ಯಾರ್ರಿ. ಹುಡುಗ ಹೇಳಿದ್ದೊಂದು, ಅವನ ತಂಗಿ ಬರದಿದ್ದೊಂದು, ನಾವು ಹೋಗಿ ನೋಡಿದ್ದೊಂದು. ಮೂರರಾಗ ಖರೇ ಯಾವುದು?"

ಬಾಗಿಲ ಮರೆಯಲ್ಲಿ ಮುಮ್ತಾಜಬಿ, ಅವಳ ಹಿಂದೆ ದಿಲನಾಜ ನಿಂತಿದ್ದರು. ಅಂದು ಜ್ವರ ಎಂದು ರಜೆ ಹಾಕಿದ್ದ ಮುಸ್ತಾಕ್ ಒಳಗಿನಿಂದ ಬಂದ.

"ಉರ್ದು ಬರಂಗಿಲ್ಲಂತ ಬ್ಯಾಡ ಅಂದ್ರೇನು?" ಎಂದು ಕೇಳಿದ.

"ಅಲ್ಲೋ ಮಾರಾಯಾ. ಅವರು ಆ ಪುಟ ಓದಿ ಖುಷಿಯಾಗಿ ನಿನಗ ಕಳಿಸಿದ್ರಂತ. ಅವರ ಮನೀಯಾಕಿಗೆ ಉರ್ದು ಬೇಕಾಗಿತ್ತು ಖರೇ, ಆದ್ರ ಅಕಿಗೂ ಈಗ ಬ್ಯಾರೆ ಚಿಂತಿ ಹತ್ತೈತಿ. ನನ್ನ ಮಗಳು ಬಾಯಿ ಮುಚ್ಚಿ ಕುಂದ್ರಾಕಿ ಅಲ್ಲ, ಆ ಮನಿಯಾಗ ಒಬ್ಬರೂ ಬಾಯಿ ಬಿಡಂಗಿಲ್ಲ, ಮುದುಕಿ ಅಂತೂ ಮೂಕಿ ಇದ್ದಂಗ ಅದಾಳ ಅಂದ್ಲಂತ."

ಒಳಗಿನಿಂದ ಸಕೀನಾಬಿಯ ದನಿ ಬಂತು. "ಯಾರೋ ಮೂಕಿ? ಯಾರಿಗಂದ್ಲಕಿ?"

ಚಾಂದಸಾಬ ಚಹಾ ಚೆಲ್ಲಿಕೊಂಡ. "ಇದ ದನಿ ಅವತ್ತ ಎಲ್ಲಿ ಇತ್ತವಾ?" ಎಂದ.

ಅವನು ಹೋದ ಮೇಲೆ ಮುಸ್ತಾಕ್ ಪಿಂಜಿದ ಹತ್ತಿಯ ರಾಶಿಯ ಪಕ್ಕದಲ್ಲಿ ಕೂತ. ಎದುರಿಗೆ ಬಂದ ತಂಗಿ, "ನಾ ಬರೀಬಾರ್ದಾಗಿತ್ತು ಅಣ್ಣಾ. ನನ್ನಿಂದ ಆತು," ಎಂದಳು.

"ನಿನ್ನಿಂದ ಅಲ್ಲ." ಅವನು ತಲೆಯೆತ್ತಲಿಲ್ಲ. "ಅಪ್ಪ ಆ ಬಿಲ್ಲಿನ ಮಾತು ಹೇಳಾಕ ಎದ್ದು ಮತ್ತ ಕುಂತ. ಅದನ್ನ ನೋಡಿ ಆದಮ್ಯಾಲೆ ನನಗ ಖೀರು ಇಳೀಲಿಲ್ಲ."

ಯೂಸುಫಸಾಬ ಗಾದಿಯ ಅಂಚು ಹೊಲಿಯುತ್ತಿದ್ದವನು ಕೇಳಿಸದವನಂತೆ ದಾರ ಜಗ್ಗಿದ.

"ಮೊದಲು ಹೆಂಗ ಇತ್ತೋ ಹಂಗ ಹಾಕು. ನಾ ಅವರಿಗೆ ಕಳಿಸ್ತೇನಿ," ಎಂದ ಮುಸ್ತಾಕ್.

ದಿಲನಾಜ ಓಢಣಿಯ ತುದಿ ತಿರುವಿದಳು. "ಇಲ್ಲ ಅಣ್ಣಾ. ನಾ ಬ್ಯಾರೆ ಕಡೆ ಇಟ್ಟುಕೊಂಡಿಲ್ಲ. ಮ್ಯಾಲಿಂದ ಮ್ಯಾಲೇ ತಿದ್ದೇನಿ. ಎಲ್ಲಾ ಹೋಗೇತಿ."

"ನೀನ ಬರದಿದ್ದು, ನೆನಪಿಲ್ಲೇನು?"

"ನೆನಪೈತಿ, ಆದ್ರ ಅಕ್ಷರಕ್ಕಕ್ಷರ ಇಲ್ಲ. ಅಂದಾಜಿಲೆ ಬರದು ಮೊದಲು ಹಿಂಗ ಇತ್ತು ಅಂದ್ರ ಅದೂ ಒಂದು ಸುಳ್ಳಾಕ್ಕೈತಿ. ಅವರು ಮೊದಲಿಂದು ಓದ್ಯಾರ."

ಅವಳ ಈ ಹಟ ಮನೆಯವರಿಗೆ ಹೊಸದಲ್ಲ. ಒಂದು ಚೀಲದ ವ್ಯತ್ಯಾಸಕ್ಕೆ ಇಡೀ ಲಾರಿ ಮತ್ತೆ ಎಣಿಸುವವಳು. ಮುಮ್ತಾಜಬಿ ಸೊಪ್ಪು ಸೋಸುವ ಬುಟ್ಟಿಯೊಂದಿಗೆ ಬಂದು ಅಲ್ಲೇ ಕೂತಳು.

"ನಂದು ನನಗ ನೆನಪೈತಿ," ಎಂದಳು. "ಮದುವೆಯ ಗಾದಿಗೆ ಮೊದಲ ಹಿಡಿ ಹತ್ತಿ ಹಾಕುವುದು ನಮ್ಮವ್ವ. ಆಗ ಬಿಸ್ಮಿಲ್ಲಾ ಅನ್ನುತ್ತಾಳೆ, ಆಮೇಲೆ ದೇವರ ಜೊತೆ ಕನ್ನಡದಲ್ಲಿ ಮಾತಾಡುತ್ತಾಳೆ. ಅದನ್ನು ಕೇಳಿ ಕೇಳಿ, ದೇವರಿಗೆ ಕನ್ನಡ ಬರುತ್ತದೆ ಎಂದು ನಂಬಿದ್ದೇನೆ."

ದಿಲನಾಜ ತಾಯಿಯ ಮುಖ ನೋಡಿದಳು. ಪುಸ್ತಕದ ಕನ್ನಡ ಅವಳ ಬಾಯಲ್ಲಿ ಎಂದೂ ಬಂದಿರಲಿಲ್ಲ. "ಒಂದ ಸಲ ಕೇಳಿದ್ದೆಲ್ಲವ್ವಾ."

"ರೊಟ್ಟಿ ಬಡಿಯುವಾಗೆಲ್ಲ ಅನಕೋತಿದ್ದೆ. ನನ್ನ ಬಗ್ಗೆ ಮತ್ತ್ಯಾರು ಬರೀತಾರ?" ಎಂದು ಮುಮ್ತಾಜಬಿ ಸೊಪ್ಪಿನ ಕಡ್ಡಿ ಮುರಿದಳು.

ದಿಲನಾಜ ಮೊಬೈಲ್ ತೆರೆದು ಬರೆದುಕೊಂಡಳು. ಯೂಸುಫಸಾಬ ಸೂಜಿ ಬಟ್ಟೆಗೆ ಚುಚ್ಚಿಟ್ಟು ಗಂಟಲು ಸರಿ ಮಾಡಿಕೊಂಡ.

"ನನ್ನ ಓಟು ಯಾರಿಗೆಂದು ಅಪ್ಪನಿಗೆ ಹೇಳಿಲ್ಲ. ಅಪ್ಪ ಹಾಕುವವರಿಗಂತೂ ಅಲ್ಲ. ಬಾಗಿಲಿಗೆ ಬಂದು ನೀರಿನ ಮಾತು, ಗಟಾರದ ಮಾತು ಆಡಿ, ನೀವು ಮೂಲ ಎಲ್ಲಿಯವರು ಎಂದು ಕೇಳದೆ ಹೋದವರಿಗೆ ಹಾಕಿದ್ದೇನೆ."

"ಲೋಡು ಬಾಡಿಗಿ ಒಯ್ಯಾವ್ರು ಸಿಟ್ಟಾದ್ರ?" ಎಂದು ದಿಲನಾಜ ಕೇಳಿದಳು.

"ಆಗಲಿ. ಬರೇ ನೆಲದ ಮ್ಯಾಲೆ ಕುಂದ್ರಲಿ."

"ನಂದ್ಯಾಕ ಬಿಟ್ರಿ?" ಸಕೀನಾಬಿ ಗೋಡೆ ಹಿಡಿದುಕೊಂ‌ಡು ಬಂದಳು. "ಎಂಬತ್ತು ದಾಟೈತಿ ಅಂತ ಹಾಕು. ಹಲ್ಲೂ ಹಾಕು. ಮೂಕಿ ಅನಿಸಿಕೊಳ್ಳಾಕಿಂತ ಬೋಳಬಾಯಿ ಅನಿಸಿಕೊಳ್ಳೂದು ವಾಸಿ."

ಲಾರಿಯ ಮಾತು, ನಮಾಜಿನ ಮಾತು ದಿಲನಾಜಳಿಗೇ ನೆನಪಿದ್ದವು. ಕೊನೆಗೆ ಉಳಿದದ್ದು ಮುಸ್ತಾಕನ ಸಾಲು. ಅವನು ಹತ್ತಿಯ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಿದ್ದ.

"ಉರ್ದು ನಮಗೆ ಬರುವುದಿಲ್ಲ. ಅಣ್ಣನಿಗೆ ಈಚೆಗೆ ಸ್ವಲ್ಪ ಬರುತ್ತದೆ," ಎಂದ. ಸ್ವಲ್ಪ ತಡೆದು, "ಅದರ ಮುಂದ ಇನ್ನೊಂದು ಹಾಕು. ಮನೆಯಲ್ಲಿ ಉರ್ದು ಆಡುತ್ತೇವೆ ಎಂದು ಅಣ್ಣ ಹಾವೇರಿಯಲ್ಲಿ ಸುಳ್ಳು ಹೇಳಿದ್ದ."

"ಅದು ಮೊದಲು ಇರಲಿಲ್ಲ ಅಣ್ಣಾ."

"ಗೊತ್ತೈತಿ. ಇದು ಹೊಸಾದು ಅಂತ ಬರಿ, ನಿನ್ನ ಮನಸ್ಸಿಗೆ ಸಮಾಧಾನ ಆಗೂದಾದ್ರ. ಆಮ್ಯಾಲೆ ನೀ ಯಾಕ ಬರೀತಿ ಅಂತ ಬರದೀಯೆಲ್ಲ, ಕನ್ನಡ ಎಲ್ಲಿ ಕಲತೀರಿ ಅಂತ ಕೇಳತಿದ್ರು ಅಂತ. ಅದರ ಮಗ್ಗಲ ನಂದೂ ಇಡು. ಉರ್ದು ಬರದಿದ್ರ ನೀ ಎಂಥಾ ಮುಸಲ್ಮಾನ ಅಂತ ಅಣ್ಣಗ ಕೇಳ್ತಾರ ಅಂತ."

ದಿಲನಾಜ ಬರೆದಳು. ಅಳಿಸಿ ಮತ್ತೆ ಬರೆದಳು. ಆಮೇಲೆ ಎಲ್ಲವನ್ನೂ ಮೊದಲಿನಿಂದ ಗಟ್ಟಿಯಾಗಿ ಓದಿ ಹೇಳಿದಳು. ಗೋಡೆಯ ಆಚೆಯಿಂದ ಮಂಗಳವ್ವ, "ಈಗ ಬಂತ ನೋಡ ರುಚಿ," ಎಂದಳು.

ಮುಸ್ತಾಕ್ ಅದನ್ನು ಅಬ್ದುಲರಜಾಕರಿಗೆ ಕಳಿಸಿದ. ಅವರು ಕಳಿಸಿದ ಹಾಗೆಯೇ, ಮಾತಿಲ್ಲದೆ, ಬರೇ ಲಿಂಕು.

ಗುರುವಾರ ಉತ್ತರ ಬರಲಿಲ್ಲ. ಶುಕ್ರವಾರ ಮುಸ್ತಾಕ್ ಮಧ್ಯಾಹ್ನದ ಊಟಕ್ಕೆ ಕೂತ, ಎರಡು ರೊಟ್ಟಿ ತಿಂದ. ಮುಂದಿನ ವಾರ ಸಂತೆಯ ದಿನ ಮೆಣಸಿನಕಾಯಿಯ ಲಾರಿಗಳು ಸಾಲುಗಟ್ಟಿದ್ದವು. ದಿಲನಾಜ ಲೆಕ್ಕ ಬರೆಯುತ್ತಲೇ ಮೊಬೈಲಿನತ್ತ ಕಣ್ಣಿಟ್ಟಿದ್ದಳು. ಚೀಲ ತಪ್ಪಿತೇನೋ ಎಂದು ಮತ್ತೆ ಎಣಿಸಿದಳು. ತಪ್ಪಿರಲಿಲ್ಲ.

ಫೋನು ಬಂದದ್ದು ಯೂಸುಫಸಾಬನಿಗೆ, ದಿಲನಾಜ ಊಟದ ಬಿಡುವಿಗೆ ಮನೆಗೆ ಬಂದಾಗ. ಅವನು ಗಾದಿಯ ಮೇಲೆ ಕೋಲಿನಿಂದ ಬಡಿಯುತ್ತಿದ್ದ. ಹೆಸರು ನೋಡಿ ಎಡಗೈಯಿಂದ ಎದೆಯ ಮೇಲಿನ ಹತ್ತಿ ಕೊಡವಿಕೊಂಡ, ಎದುರಿಗೆ ಬಂದು ನಿಂತವರಿದ್ದಾರೆಂಬಂತೆ.

"ಹಲೋ... ಜೀ... ಠೀಕ್..."

"ಯೂಸುಫಸಾಬ್ರ, ಕನ್ನಡದಾಗ ಮಾತಾಡ್ರಿ," ಎಂದರು ಅತ್ತಲಿಂದ ಅಬ್ದುಲರಜಾಕರು. "ನಾ ನಲವತ್ತು ವರ್ಷ ಹಾವೇರಿಯಾಗ ಬಟ್ಟಿ ಮಾರಿದ್ದು ಯಾವ ಭಾಷಾದಾಗಂತ ತಿಳದೀರಿ?"

ಯೂಸುಫಸಾಬ ಗೋಣಿಚೀಲದ ಮೇಲೆ ಕೂತು ಬಿಟ್ಟ. ಮಾತು ಬಹಳ ಹೊತ್ತು ನಡೆಯಿತು. ಬಿಲ್ಲಿನ ಕತೆ ಪೂರ್ತಿ ಹೇಳಿಯೇ ಫೋನು ಇಟ್ಟ. ಒಳಗೆ ಬಂದಾಗ ಮೂವರೂ ಬಾಗಿಲಲ್ಲಿ ನಿಂತಿದ್ದರು.

"ಮೊದಲಿಂದು ಹೇಳ್ಲೋ, ಕಡೀದು ಹೇಳ್ಲೋ?" ಎಂದ.

"ಬಾಯಿ ಬಿಡೋ ಲಗೂ," ಎಂದಳು ಅವನ ತಾಯಿ.

"ಅವರ ಮನೀಯಾಕಿ, ಮುಂದ ಹುಟ್ಟೂ ಮಕ್ಕಳಿಗೆ ಉರ್ದು ಕಲಸಬೇಕು ಅಂದಾಳ. ಕಲಸಲಿ, ಪುಕ್ಕಟ ಸಿಗ್ತೈತಿ, ನಮ್ಮವ್ವಗೂ ಕಲಸ್ರಿ ಅಂದೆ. ಹುಡುಗ ಸುಳ್ಳು ಹೇಳಿದ್ದನ್ನ ತಾನ ಬರಸ್ಯಾನ, ಅದಕ್ಕ ನಾನ ಫೋನ್ ಮಾಡಿದೆ ಅಂದ್ರು. ಹುಡುಗಿ ಒಂದ ಮಾತು ಹೇಳ್ಯಾಳ." ಅವನು ನಗು ತಡೆದುಕೊಂಡ. "ಫೋಮ್ ಗಾದಿ ಬ್ಯಾಡಂತ. ಮುಮ್ತಾಜಬಿ ಮೊದಲ ಹಿಡಿ ಹಾಕಿದ ಹತ್ತಿ ಗಾದಿನ ಆಗಬೇಕಂತ."

ಮುಮ್ತಾಜಬಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಮೆಣಸಿನಕಾಯಿಯ ಘಾಟು ಎಂದಳು. ಸಂಜೆ ಬಸ್ಸಿಳಿದು ಬಂದ ಮುಸ್ತಾಕನಿಗೆ ಈ ಸುದ್ದಿಯನ್ನು ನಾಲ್ವರು ನಾಲ್ಕು ತರಹ ಹೇಳಿದರು. ಅವನು ಕೇಳಿದ್ದು ಒಂದೇ: "ಫೋಮ್ ಬ್ಯಾಡ ಅಂದ್ಲಾ? ಖರೇನ?"

ರಂಜಾನಿಗೆ ಮೊದಲೇ ನಿಕಾಹ್ ಎಂದು ಗೊತ್ತಾಯಿತು. ಬ್ಯಾಂಡು ಯಾರದೆಂದು ಯಾರೂ ಕೇಳಲಿಲ್ಲ.

ಒಂದು ಮುಂಜಾನೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೊಸ ಗವಸು ಹಾಸಿದರು. ಕೆಂಪು ಬಟ್ಟೆ, ಅಂಚಿಗೆ ಹಳದಿ ಪಟ್ಟಿ. ಹಿಂದಿನ ದಿನವೇ ಪಿಂಜಿದ ಹತ್ತಿ ಮೂಲೆಯಲ್ಲಿ ಮೊಳಕಾಲೆತ್ತರ ಉಬ್ಬಿ ನಿಂತಿತ್ತು. ಸಕೀನಾಬಿಗೆ ಲೋಡು ಕೊಟ್ಟು ಎತ್ತರಕ್ಕೆ ಕೂಡಿಸಿದ್ದರು. ಮುಸ್ತಾಕ್ ಗವಸಿನ ಬಾಯಿ ಹಿಡಿದುಕೊಂಡು ಮಂಡಿಯೂರಿ ಕೂತಿದ್ದ. ಹೊಲಿಯಲು ಬೇಕಾಗುವ ದಪ್ಪ ದಾರವನ್ನು ಹಸಿ ಮಾಡಲು ತುಟಿಗಳ ನಡುವೆ ಕಚ್ಚಿಕೊಂಡಿದ್ದ.

ಮುಮ್ತಾಜಬಿ ಕೈ ಕಾಲು ತೊಳೆದು ಬಂದು ಒಂದು ಹಿಡಿ ಹತ್ತಿ ತೆಗೆದುಕೊಂಡಳು. "ಬಿಸ್ಮಿಲ್ಲಾ," ಎಂದಳು. ಅಲ್ಲಿಗೆ ನಿಲ್ಲಿಸಿ ಮಗನ ಮುಖ ನೋಡಿದಳು.

"ಮುಂದಿಂದು ಯಾವುದರಾಗ ಹೇಳ್ಲೋ?"

ಬಾಯಲ್ಲಿ ದಾರವಿದ್ದದ್ದರಿಂದ ಅವನಿಗೆ ಮಾತಾಡಲು ಬರಲಿಲ್ಲ. ಗದ್ದ ಎತ್ತಿ, ಹೇಳು ಎಂದು ಸನ್ನೆ ಮಾಡಿದ.

"ನೋಡಪಾ ದೇವ್ರ," ಎಂದು ಮುಮ್ತಾಜಬಿ ಸುರು ಮಾಡಿದಳು, ಗೋಡೆಯಾಚೆಯ ಮಂಗಳವ್ವನೊಡನೆ ಮಾತಾಡುವ ದನಿಯಲ್ಲೇ. "ಈ ಹುಡುಗ ಸಿಟ್ಟಿನಾಂವ, ಉಣ್ಣದ ಎದ್ದ ಹೋಗ್ತಾನ. ಬರೋ ಹುಡುಗಿ ಮಾತಿನಾಕಿ ಅಂತ. ಇಬ್ಬರಿಗೂ ಕೂಡಿ ಉಣ್ಣೂದು ಕಲಸು. ದುಡದು ಬಂದಾಗ ನಿದ್ದಿ ಕೊಡು. ಮಗ್ಗಲಾಗ ಮಕ್ಕಳು ಮಲಗಲಿ. ಹಗಲು ಜಗಳಾಡಿದ್ರ ರಾತ್ರಿಯೊಳಗ ಮುಗಿಸಲಿ. ಈ ಬ್ಲಾಗ್ ಬರಿಯಾಕಿಗೂ ಒಬ್ಬಾಂವನ್ನ ನೋಡು, ಅವಸರೇನಿಲ್ಲ, ಓದಾಕ ಬರೂವಂಥಾಂವನ್ನ ನೋಡು..."

"ಸಾಕ ಮಾಡ," ಎಂದಳು ಸಕೀನಾಬಿ. "ದೇವ್ರಿಗೆ ಬ್ಯಾರೆ ಮನಿ ಇಲ್ಲೇನು?"

ಮುಮ್ತಾಜಬಿ ಹಿಡಿ ಹತ್ತಿಯನ್ನು ಗವಸಿನ ಒಳಗೆ, ತಲೆ ಇಡುವ ಕಡೆಗೆ, ಕೈ ಚಾಚಿ ಇಟ್ಟಳು. ದಿಲನಾಜ ಗವಸಿನ ಇನ್ನೊಂದು ತುದಿ ಹಿಡಿದಿದ್ದಳು. ಎರಡೂ ಕೈ ತುಂಬಿದ್ದವು, ಬರೆದುಕೊಳ್ಳಲು ಆಗಲಿಲ್ಲ.

ಮುಸ್ತಾಕ್ ಬಾಯಿಂದ ದಾರ ತೆಗೆದ. "ಅವ್ವಾ, ಫೋಮ್ ಗಾದಿಗೂ ನಾಕ ಗಿರಾಕಿ ಬರಲಿ ಅಂತ ಹೇಳು. ಸಂಸಾರ ನಡೀಬೇಕಲ್ಲ."

"ಅದಕ್ಕ ಇನ್ನೊಂದು ಹಿಡಿ ಬೇಕು ತಗೋ," ಎಂದು ಮುಮ್ತಾಜಬಿ ಮತ್ತೆ ಹತ್ತಿಗೆ ಕೈ ಹಾಕಿದಳು.